ಡಿಸೆಂಬರ್ ಗಡಿಬಿಡಿಯಲ್ಲಿ ಪೂಜೆಗೆ ಮೊದಲ ಜಾಗ ಕೊಡಲು ಹೋಗಿ

2026ರ ಜನವರಿ 11ರ ಭಾನುವಾರ ಯೇಸುಸ್ವಾಮಿಯ ಸ್ನಾನದೀಕ್ಷೆಯ ಹಬ್ಬ. ಅಲ್ಲಿಗೆ ಈ ಸಲದ ಕ್ರಿಸ್‌ಮಸ್ ಕಾಲ ಮುಗಿಯಿತು, ನನ್ನ ಹೊರೆಯೂ ಇಳಿಯಿತು. ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ, ಪೂಜೆಯ (ಮಾಸ್) ಏರ್ಪಾಡು ನೋಡಿಕೊಳ್ಳುವ 2025ರ ಆರಾಧನಾ ಸಮಿತಿಗೆ ನಾನು ಸಂಚಾಲಕಿಯಾಗಿದ್ದೆ. ಹೆಸರು ದೊಡ್ಡದು. ಕೆಲಸ ಮಾತ್ರ ಫೋನ್ ಹಿಡಿದು ಜನರನ್ನು ಕಾಡುವುದು. ಮುಂದಿನ ವರ್ಷ ನಿಮ್ಮ ಚರ್ಚಿನಲ್ಲಿ ಇದು ಯಾರ ತಲೆಗೆ ಬಂದರೂ ಸ್ವಲ್ಪ ಸುಲಭವಾಗಲಿ ಅಂತ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾದದ್ದು ಅಕ್ಟೋಬರ್ ಸಭೆಯಲ್ಲಿ. ಫಾದರ್ ಹಳೆಯ ನಡಾವಳಿ ಪುಸ್ತಕ ಮಗುಚಿ ಹಾಕುತ್ತಾ ಹೇಳಿದರು: "ಹೋದ ವರ್ಷ ಡಿಸೆಂಬರ್ ಪೂರ್ತಿ ಕಾರ್ಯಕ್ರಮ ಆಯ್ತಮ್ಮ. ಮಧ್ಯೆ ಮಧ್ಯೆ ಪೂಜೆನೂ ನಡೀತು. ಈ ಸಲ ಅದನ್ನ ತಿರುಗಿಸಿ ನೋಡೋಣ."

ಅವರ ಮಾತು ಸುಳ್ಳಲ್ಲ. ಯುವಜನರ ನಕ್ಷತ್ರ ಸ್ಪರ್ಧೆ, ಮಹಿಳಾ ಸಂಘದ ಕೇಕ್ ಮಾರಾಟ, ಹೌಸಿ ಆಟ, ಕ್ಯಾರಲ್ (ಕ್ರಿಸ್‌ಮಸ್ ಹಾಡು) ಸ್ಪರ್ಧೆ, ಧರ್ಮೋಪದೇಶ ಮಕ್ಕಳ ನಾಟಕ, ಸೌಹಾರ್ದ ಕೂಟ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಎಲ್ಲದಕ್ಕೂ ಬೇಕಾಗುವುದು ಅದೇ ಹಾಲ್, ಅದೇ ಮೈಕು, ಅದೇ ಹತ್ತಿಪ್ಪತ್ತು ಜನ. ಗಾನವೃಂದದ ಹುಡುಗಿಯರೇ ಕೇಕ್ ಸ್ಟಾಲಿನಲ್ಲೂ ನಿಲ್ಲಬೇಕು. ಹಾಗಾಗಿ ಹಾಡಿನ ಅಭ್ಯಾಸ ಯಾವಾಗಲೂ ಕೊನೆಗೆ, ರಾತ್ರಿ ಒಂಬತ್ತಕ್ಕೆ, ಗಂಟಲು ಕಟ್ಟಿದ ಮೇಲೆ.

ನಾವು ಮಾಡಿದ ಮೊದಲ ಕೆಲಸ ಒಂದು ದೊಡ್ಡ ಹಾಳೆಯಲ್ಲಿ ಕ್ಯಾಲೆಂಡರ್ ಬರೆದು ಚರ್ಚ್ ಆಫೀಸಿನ ಗೋಡೆಗೆ ಅಂಟಿಸಿದ್ದು. ಕ್ರಿಸ್‌ಮಸ್‌ಗೆ ಸಿದ್ಧವಾಗುವ ಆಗಮನ ಕಾಲ ಈ ಸಲ ನವೆಂಬರ್ 30ಕ್ಕೆ ಶುರು. ಮೊದಲು ಬರೆದದ್ದು ನಾಲ್ಕು ಭಾನುವಾರಗಳು, ಒಂದು ಧ್ಯಾನಕೂಟ, ಪಾಪನಿವೇದನೆಯ (ಗುರುಗಳ ಮುಂದೆ ಪಾಪ ಹೇಳಿಕೊಳ್ಳುವ) ಸಂಜೆಗಳು, ಡಿಸೆಂಬರ್ 16ರಿಂದ 24ರವರೆಗಿನ ನೊವೇನ (ಒಂಬತ್ತು ದಿನದ ಪ್ರಾರ್ಥನೆ), ಗಾನವೃಂದದ ಅಭ್ಯಾಸದ ದಿನಗಳು. ಇಷ್ಟನ್ನೂ ಕೆಂಪು ಪೆನ್ನಿನಲ್ಲಿ ಬರೆದೆವು. ಉಳಿದ ಸಂಘಗಳು ಖಾಲಿ ಇರುವ ಚೌಕದಲ್ಲಿ ತಮ್ಮದನ್ನು ನೀಲಿ ಪೆನ್ನಿನಲ್ಲಿ ಬರೆದುಕೊಳ್ಳಬೇಕು. ಈ ಹಾಳೆ ನವೆಂಬರ್ ಮೊದಲ ವಾರದೊಳಗೆ ಗೋಡೆ ಮೇಲೆ ಇರಲೇಬೇಕು. ತಡವಾದರೆ ಯಾರೋ ಹಾಲ್ ಬುಕ್ ಮಾಡಿ, ಅಡ್ವಾನ್ಸ್ ಕೊಟ್ಟು, ಆಹ್ವಾನ ಪತ್ರಿಕೆ ಹೊಡೆಸಿಬಿಟ್ಟಿರುತ್ತಾರೆ. ಆಮೇಲೆ ಯಾವ ಬಾಯಲ್ಲಿ ಬೇಡ ಅನ್ನೋದು?

ಸೌಹಾರ್ದ ಕೂಟದಲ್ಲಿ ಆದದ್ದೇ ಅದು. ಕೂಟಕ್ಕೆ ಒಪ್ಪಿಕೊಂಡ ದಿನ ಡಿಸೆಂಬರ್ 13. ಮುಖ್ಯ ಅತಿಥಿಗಳ ಕಡೆಯಿಂದ ಫೋನ್ ಬಂತು, ಸಾಹೇಬರಿಗೆ 17 ಅನುಕೂಲ ಅಂತ. 17ರ ಸಂಜೆ ನೊವೇನ. ಅವರು ಏಳಕ್ಕೆ ಅಂದರೆ ಎಂಟೂವರೆಗೆ ಬರುತ್ತಾರೆ, ಶಾಲು, ಪೇಟ, ಹಾರ, ಭಾಷಣ ಮುಗಿಯುವಾಗ ಹತ್ತು. ನೊವೇನ ರದ್ದು ಮಾಡಿ ಅಂತ ಕೆಲವರು ಒತ್ತಾಯ ಮಾಡಿದರು. ಫಾದರ್ ಒಪ್ಪಲಿಲ್ಲ. ಕೊನೆಗೆ ನೊವೇನ ಆರು ಗಂಟೆಗೆ ಚರ್ಚಿನೊಳಗೆ, ಕೂಟ ಅದು ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಅಂತ ತೀರ್ಮಾನವಾಯಿತು. ಬೀದಿಯ ಹಿಂದೂ, ಮುಸ್ಲಿಂ ನೆರೆಯವರು ಕೆಲವರು ಬೇಗ ಬಂದು ನೊವೇನದಲ್ಲೂ ಹಿಂದಿನ ಬೆಂಚಿನಲ್ಲಿ ಕೂತರು. ಅತಿಥಿಗಳು ಎಂಟೂಮುಕ್ಕಾಲಿಗೆ ಬಂದರು.

ಭಾನುವಾರಕ್ಕೊಂದು ಬತ್ತಿ ಹಚ್ಚುವ ಆಗಮನ ಕಾಲದ ಚಕ್ರದ್ದು ಇನ್ನೊಂದು ಕಥೆ. ಮೂರು ನೇರಳೆ ಮೇಣದಬತ್ತಿ, ಮೂರನೇ ಭಾನುವಾರಕ್ಕೆ ಒಂದು ಗುಲಾಬಿ ಬಣ್ಣದ್ದು. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಸುತ್ತಮುತ್ತ ಎಲ್ಲ ಸಿಕ್ಕಿತು, ನಕ್ಷತ್ರ ಅಂತೂ ರಾಶಿ ರಾಶಿ. ಗುಲಾಬಿ ಮೇಣದಬತ್ತಿ ಮಾತ್ರ ಸಿಗಲಿಲ್ಲ. ಹುಟ್ಟುಹಬ್ಬದ ಕೇಕಿಗೆ ಚುಚ್ಚುವಂಥದ್ದು ಇತ್ತು, ಅದು ಪ್ರವೇಶ ಗೀತೆ ಮುಗಿಯುವಷ್ಟರಲ್ಲಿ ಕರಗುತ್ತದೆ. ಕೊನೆಗೆ ಮೇಣದಬತ್ತಿ ಮಾಡುವ ಕಾನ್ವೆಂಟ್ ಸಿಸ್ಟರ್ ಒಬ್ಬರು ಅಚ್ಚು ಹೊಯ್ದು ಕೊಟ್ಟರು. ಎರಡು ವಾರ ಮೊದಲೇ ಹೇಳಿಡಿ. ಚಕ್ರಕ್ಕೆ ಹಸಿರು ಅಂತ ಸರ್ವೆ ಮರದ ಕೊಂಬೆ ತಂದೆವು. ಅದು ವಾರಕ್ಕೆ ಒಣಗುತ್ತದೆ, ಬತ್ತಿಯ ಬೆಂಕಿ ತಾಗುವ ಹಾಗೆ ಇಡಬೇಡಿ.

ಆಗ ಒಬ್ಬ ಹಿರಿಯರು ತಕರಾರು ತೆಗೆದರು. "ಇದು ನಮ್ಮದಲ್ಲ, ಪ್ರಾಟೆಸ್ಟೆಂಟರದ್ದು." ನಿಜವೇ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಚೆರ್ನ್ ಅನ್ನುವ ಲೂಥರನ್ ಪಾಸ್ಟರ್, ತಾನು ಸಾಕುತ್ತಿದ್ದ ಬಡಮಕ್ಕಳು "ಕ್ರಿಸ್‌ಮಸ್ ಯಾವಾಗ" ಅಂತ ದಿನಾ ಕೇಳುತ್ತಿದ್ದರು ಅಂತ ಬಂಡಿಚಕ್ರದ ಮೇಲೆ ಬತ್ತಿ ಹಚ್ಚಿಟ್ಟರಂತೆ. ಫಾದರ್ ಈ ಕಥೆಯನ್ನೇ ಮೊದಲ ಭಾನುವಾರದ ಪ್ರಬೋಧನೆಯಲ್ಲಿ ಹೇಳಿದರು. ತಕರಾರು ಅಲ್ಲಿಗೆ ನಿಂತಿತು. ಎರಡನೇ ಭಾನುವಾರ ಬತ್ತಿ ಹಚ್ಚಲು ಅದೇ ಹಿರಿಯರ ಮೊಮ್ಮಗಳು ಬಂದಿದ್ದಳು.

ನಿಜವಾಗಿ ಕಷ್ಟವಾದದ್ದು ಅಲಂಕಾರ ಬೇಡ ಅನ್ನುವುದು. ಆಗಮನ ಕಾಲದಲ್ಲಿ ಪೀಠದ ಹತ್ತಿರ ಹೂವು ಮಿತವಾಗಿರಬೇಕು, ವಾದ್ಯವೂ ಮಿತ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಇಲ್ಲ. ಕಾಯುವ ಕಾಲ ಅಲ್ವಾ ಅದು. ಆದರೆ ಲೈಟಿಂಗ್ ದಾನಿಗಳಿಗೆ ಡಿಸೆಂಬರ್ 1ರಿಂದಲೇ ಚರ್ಚ್ ಮಿಂಚಬೇಕು. "ಎದುರಿನ ಮಾಲ್‌ನಲ್ಲಿ ಆಗಲೇ ಮರ ನಿಲ್ಲಿಸಿದ್ದಾರೆ, ನಮ್ಮ ಚರ್ಚ್ ಕತ್ತಲೆ" ಅಂತ ದೂರು. ಒಂದು ಒಪ್ಪಂದಕ್ಕೆ ಬಂದೆವು: ಹೊರಗೆ ನಕ್ಷತ್ರ ಒಂದು ಇರಲಿ, ಒಳಗೆ 23ರವರೆಗೆ ಏನೂ ಬೇಡ. ದಾನಿಗಳಿಗೆ ಇದನ್ನು ಹಣ ಪಡೆಯುವ ಮೊದಲೇ ಹೇಳಬೇಕು. ಪಡೆದ ಮೇಲೆ ಹೇಳಿದರೆ ಅದು ಜಗಳ.

ಇನ್ನು ಭಾಷೆ. ಬೆಂಗಳೂರಿನ ಎಷ್ಟೋ ಚರ್ಚುಗಳ ಹಾಗೆ ನಮ್ಮಲ್ಲೂ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ಇದೆ. 24ರ ರಾತ್ರಿ ತಡವಾದ ಹೊತ್ತು ಯಾರಿಗೆ ಅನ್ನುವುದು ಪ್ರತಿ ವರ್ಷದ ಪ್ರಶ್ನೆ. ಸಭೆಯಲ್ಲಿ ದನಿ ಏರಿತು. ನನ್ನ ಕೈ ನಡುಗುತ್ತಿತ್ತು, ಪುಸ್ತಕದ ಕೆಳಗೆ ಮುಚ್ಚಿಕೊಂಡೆ. ಕೊನೆಗೆ ಸರದಿ ಪದ್ಧತಿಗೆ ಎಲ್ಲರೂ ಒಪ್ಪಿದರು: ಈ ವರ್ಷ ತಡ ರಾತ್ರಿ ಕನ್ನಡಕ್ಕೆ, 2026ಕ್ಕೆ ತಮಿಳಿಗೆ, ಆಮೇಲೆ ಇಂಗ್ಲಿಷಿಗೆ. ಬಾಯಿಮಾತಿನಲ್ಲಿ ಬಿಡಬೇಡಿ. ನಡಾವಳಿಯಲ್ಲಿ ಬರೆದು ಮೂರೂ ಕಡೆಯವರ ಸಹಿ ಹಾಕಿಸಿ.

"ರಾತ್ರಿ ಹನ್ನೆರಡಕ್ಕೇ ಆಗಬೇಕು, ಇಲ್ಲದಿದ್ದರೆ ಅದು ಕ್ರಿಸ್‌ಮಸ್ಸೇ ಅಲ್ಲ" ಅನ್ನುವವರೂ ಇದ್ದರು. ವಿಧಿಯಲ್ಲಿ ಇರುವುದು ರಾತ್ರಿಯ ಪೂಜೆ ಅಂತ ಮಾತ್ರ. ರೋಮಿನ ಸಂತ ಪೇತ್ರರ ಬಸಿಲಿಕದಲ್ಲೇ 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅದನ್ನು ರಾತ್ರಿ ಹತ್ತಕ್ಕೆ ತಂದಿದ್ದರು. ಇದನ್ನು ಹೇಳಿದ ಮೇಲೆ ಹತ್ತೂಕಾಲಕ್ಕೆ ಒಪ್ಪಿದರು. ಒಪ್ಪಿಸಲು ಇನ್ನೊಂದು ಕಾರಣವೂ ಇತ್ತು, ಅದು ಧ್ವನಿವರ್ಧಕ.

ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ 12 ಗಂಟೆಯವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ನಮ್ಮ ಚರ್ಚಿನೊಳಗೆ ಜನ ಹಿಡಿಸುವುದಿಲ್ಲ, ಅರ್ಧ ಸಭೆ ಶಾಮಿಯಾನದಲ್ಲಿ. ಹೊರಗೆ ಸ್ಪೀಕರ್ ಇಲ್ಲದಿದ್ದರೆ ಅವರಿಗೆ ಬೈಬಲಿನ ಶುಭಸಂದೇಶವೂ ಕೇಳಿಸದು, ಪ್ರಬೋಧನೆಯೂ ಕೇಳಿಸದು. ಹಾಗಾಗಿ ಲಿಖಿತ ಅನುಮತಿ ಬೇಕೇ ಬೇಕು.

ಠಾಣೆಗೆ ಒಯ್ದ ಕಾಗದಗಳು ಇವು: ಚರ್ಚಿನ ಲೆಟರ್‌ಹೆಡ್‌ನಲ್ಲಿ ಗುರುಗಳ ಸಹಿ ಇರುವ ಅರ್ಜಿ, ದಿನ, ಸಮಯ, ಜಾಗದ ವಿವರ, ಜವಾಬ್ದಾರಿ ಹೊತ್ತವರ ಆಧಾರ್ ಪ್ರತಿ ಮತ್ತು ಫೋನ್ ನಂಬರ್, ಸೌಂಡ್‌ನವರ ವಿವರ, ಹೋದ ವರ್ಷದ ಅನುಮತಿಯ ಜೆರಾಕ್ಸ್. ವಾಹನ ನಿಲುಗಡೆಗೆ ಟ್ರಾಫಿಕ್ ಠಾಣೆಗೆ ಬೇರೆ ಅರ್ಜಿ. ಒಂದು ದಿನ ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಇನ್ನೊಂದು ದಿನ ಅರ್ಜಿಯೇ ಕಾಣಿಸಲಿಲ್ಲ, ಮತ್ತೆ ಕೊಡಿ ಅಂದರು. ಕೊಟ್ಟ ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡಿದ್ದರಿಂದ ಬಚಾವಾದೆವು. ಬೆಂಚಿನ ಮೇಲೆ ಕೂತು ಕಾಯುವಾಗ ಕೈಚೀಲದಲ್ಲಿ ಜಪಮಾಲೆ ಇತ್ತು. ಆಗಮನ ಕಾಲದಲ್ಲಿ ಮನಸ್ಸಿಟ್ಟು ಜಪ ಮಾಡಿದ್ದು ಬಹುಶಃ ಅಲ್ಲೇ! ಅನುಮತಿ ಪತ್ರ ಕೈಗೆ ಬಂದದ್ದು 22ಕ್ಕೆ. ಅದುವರೆಗೆ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ನೀವು ನವೆಂಬರ್ ಕೊನೆಗೇ ಅರ್ಜಿ ಹಾಕಿ.

ಪಾಪನಿವೇದನೆಗೆ ಜನ 24ರ ಸಂಜೆಯೇ ಬರುವುದು ರೂಢಿ. ಅದೇ ಹೊತ್ತಿಗೆ ಫಾದರ್‌ಗೆ ಪೂಜೆಯ ಸಿದ್ಧತೆ, ಸಾಲು ಗೇಟಿನವರೆಗೆ, ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಈ ಸಲ 24ಕ್ಕೆ ಪಾಪನಿವೇದನೆ ಇಲ್ಲ ಅಂತ ಎರಡನೇ ಭಾನುವಾರದಿಂದಲೇ ಘೋಷಿಸಿದೆವು. ಬದಲಿಗೆ 19, 20ರ ಸಂಜೆ ಹೊರಗಿನಿಂದ ಗುರುಗಳನ್ನು ಕರೆಸಿದೆವು. ಡಿಸೆಂಬರ್‌ನಲ್ಲಿ ಎಲ್ಲ ಚರ್ಚಿಗೂ ಅದೇ ಬೇಡಿಕೆ, ಹಾಗಾಗಿ ಗುರುಗಳನ್ನು ತಯಾರು ಮಾಡುವ ಮಲ್ಲೇಶ್ವರದ ಸೆಮಿನರಿಗೆ ಅಕ್ಟೋಬರ್‌ನಲ್ಲೇ ಪತ್ರ ಬರೆದಿದ್ದೆವು. ಯಾವ ಭಾಷೆ ಬಲ್ಲವರು ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ನಮ್ಮ ಅಜ್ಜಿಯರು ಇಂಗ್ಲಿಷ್ ಗುರುಗಳ ಮುಂದೆ ಕೂತು ಸುಮ್ನೆ ಎದ್ದು ಬಂದ ವರ್ಷವೂ ಇದೆ. ಈ ಸಲ ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಬಹಳ ವರ್ಷದಿಂದ ಚರ್ಚಿಗೆ ಬಾರದೆ ಇದ್ದ ಒಬ್ಬರು ಇದ್ದರು. ತುಂಬ ಹೊತ್ತು ಒಳಗಿದ್ದರು. ಯಾರೂ ಗೊಣಗಲಿಲ್ಲ.

ಕ್ಯಾರಲ್ ಸುತ್ತಾಟದ ವಿಷಯ ಯುವಕರ ಜೊತೆ ಮಾತಾಡುವುದೇ ಒಂದು ಸಾಹಸ. ಟೆಂಪೋ, ಕೀಬೋರ್ಡ್, ಡ್ರಮ್, ಸಾಂಟಾ ವೇಷ, ಸಿನಿಮಾ ರಾಗದ ಹಾಡು, ಕಾಣಿಕೆ ಡಬ್ಬಿ. ಹೋದ ವರ್ಷ ಕೆಲವು ಮನೆಗಳಲ್ಲಿ ಸಾಂಟಾ ಕುಣಿದ, ಡಬ್ಬಿ ಅಲ್ಲಾಡಿತು, ಹೊರಟರು. ಯೇಸುವಿನ ಹೆಸರು ಹಾಡಿನಲ್ಲಿ ಬಂತೋ ಇಲ್ಲವೋ ಯಾರಿಗೂ ನೆನಪಿಲ್ಲ. ಈ ಸಲ ಕ್ರಮ ಬದಲಾಯಿಸಿದೆವು. ಮನೆಯೊಳಗೆ ಹೋದ ಕೂಡಲೇ ಲೂಕನ ಶುಭಸಂದೇಶದ ಎರಡನೇ ಅಧ್ಯಾಯದಿಂದ ಕೆಲವು ಸಾಲು, ಅದನ್ನು ಆ ಮನೆಯ ಮಗುವೇ ಓದಬೇಕು. ಒಂದು ಕನ್ನಡ ಹಾಡು, ಮನೆಯವರ ಹೆಸರು ಹೇಳಿ ಪ್ರಾರ್ಥನೆ, ಆಮೇಲೆ ಸಾಂಟಾ ಮತ್ತು ಟಾಫಿ. ಇದರಿಂದ ಒಂದು ಮನೆಗೆ ಎರಡರಷ್ಟು ಹೊತ್ತು ಹಿಡಿಯುತ್ತದೆ. ರಾತ್ರಿಗೆ ಇಷ್ಟೇ ಮನೆ ಅಂತ ಲೆಕ್ಕ ಹಾಕಿ ಬೇಗ ಶುರು ಮಾಡಿ. ಹತ್ತರ ಮೇಲೆ ಬೀದಿಯಲ್ಲಿ ಡ್ರಮ್ ಬೇಡವೇ ಬೇಡ. ಹುಡುಗರು ಮೊದಲ ರಾತ್ರಿ ಮುಖ ಗಂಟು ಹಾಕಿದ್ದರು. ಹಾಸಿಗೆ ಹಿಡಿದ ಒಬ್ಬ ತಾತನ ಮನೆಯಲ್ಲಿ ಆ ತಾತನೇ ಪೂರ್ತಿ ಹಾಡನ್ನು ನಮ್ಮವರ ಜೊತೆ ಬಾಯಿಪಾಠದಲ್ಲಿ ಹಾಡಿದ ಮೇಲೆ ಹುಡುಗರ ಮುಖ ಸಡಿಲವಾಯಿತು. ಆ ತಾತನ ಹೆಸರನ್ನು 25ರ ಬೆಳಿಗ್ಗೆ ರೋಗಿಗಳ ಮನೆಗೆ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಒಯ್ಯುವ ಪಟ್ಟಿಗೆ ಸೇರಿಸಿದೆವು. ರೋಗಿಗಳ ಪಟ್ಟಿ ಮಾಡಲು ಕ್ಯಾರಲ್ ಸುತ್ತಾಟದಷ್ಟು ಒಳ್ಳೆಯ ಸಮಯ ಬೇರೆ ಇಲ್ಲ.

ಇದರ ನಡುವೆ ನನ್ನ ಮನೆ? ರೋಸ್ ಕುಕ್ಕೀಸಿನ ಅಚ್ಚು ಅಟ್ಟದಿಂದ ಇಳಿಯಲೇ ಇಲ್ಲ. ಪ್ರತಿ ವರ್ಷ ಅತ್ತೆ, ನಾನು, ನಾದಿನಿ ಕೂತು ಕಲ್‌ಕಲ್ (ಸುರುಳಿಯಾಕಾರದ ಸಿಹಿ ತಿಂಡಿ) ಸುತ್ತುತ್ತೇವೆ. ಈ ಸಲ ಆಗುವುದಿಲ್ಲ ಅಂತ ಹೇಳಲು ಅಳುಕು. ಅತ್ತೆಯೇ ಹೇಳಿದರು: "ಕಲ್‌ಕಲ್ ಬೇಕರಿಯಿಂದ ತಂದ್ರೂ ಯೇಸುಸ್ವಾಮಿ ಹುಟ್ತಾರೆ, ಹೋಗೇ." ಆದರೂ 23ರ ರಾತ್ರಿ ಅವರೊಬ್ಬರೇ ಸ್ವಲ್ಪ ಕಜ್ಜಾಯ ಕರಿದಿದ್ದರು.

ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ) ಯುವಕರು ಚೆನ್ನಾಗಿ ಕಟ್ಟಿದರು. ಜಲಪಾತ, ರೈಲು, ಬಣ್ಣದ ಕಾರಂಜಿ ಎಲ್ಲ ಬೇಕು ಅಂದಿದ್ದವರಿಗೆ ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಊರಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟುಕೊಂಡೇ ಮೊದಲ ಗೋದಲಿ ಮಾಡಿದ ಕಥೆ ಹೇಳಿದೆವು. ರೈಲು ಹೋಯಿತು, ಜಲಪಾತ ಉಳಿಯಿತು. ಎಲ್ಲ ಗೆಲ್ಲಲು ಆಗುವುದಿಲ್ಲ. ಬಾಲಯೇಸುವಿನ ಪ್ರತಿಮೆಯನ್ನು ಮಾತ್ರ 24ರ ರಾತ್ರಿಯವರೆಗೆ ಇಡಲಿಲ್ಲ. ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಪ್ರತಿಮೆಗಳನ್ನು ಚರ್ಚಿನ ಬಾಗಿಲ ಹತ್ತಿರದ ಕಿಟಕಿಯಲ್ಲಿ ನಿಲ್ಲಿಸಿ, ಪ್ರತಿ ಪೂಜೆಗೆ ಒಂದಿಷ್ಟು ಮುಂದೆ ಸರಿಸುವ ಕೆಲಸ ಮಕ್ಕಳಿಗೆ ಕೊಟ್ಟೆವು. ನಿತ್ಯದ ಪೂಜೆಗೆ ಮಕ್ಕಳನ್ನು ತರಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಾಣಲಿಲ್ಲ. "ಇವತ್ತು ರಾಯರು ಎಲ್ಲಿಗೆ ಬಂದ್ರು?" ಅಂತ ನೋಡಲಿಕ್ಕೇ ಬಂದವು.

24ರ ರಾತ್ರಿ. ಹತ್ತಕ್ಕೆ ಚರ್ಚಿನ ದೀಪ ಆರಿಸಿ, ಕ್ರಿಸ್ತ ಜನನದ ಪ್ರಕಟಣೆಯನ್ನು ಒಬ್ಬ ಹುಡುಗ ವಾದ್ಯ ಇಲ್ಲದೆ ಹಾಡಿದ. ನಾಲ್ಕು ಭಾನುವಾರ ಬಾಯಿ ಕಟ್ಟಿಕೊಂಡಿದ್ದ ಗ್ಲೋರಿಯಾ ಆ ರಾತ್ರಿ ಗಂಟೆಗಳ ಜೊತೆ ಶುರುವಾದಾಗ ನನ್ನ ಪಕ್ಕದ ಸಿಸ್ಟರ್ ಕಣ್ಣೊರೆಸಿಕೊಂಡರು. ಅಷ್ಟು ದಿನ ಹಾಡದೆ ಇದ್ದದ್ದಕ್ಕೇ ಅದಕ್ಕೆ ಆ ಬಲ. ವಿಶ್ವಾಸ ಪ್ರಮಾಣದಲ್ಲಿ ದೇವರು ಮನುಷ್ಯರಾದರು ಅನ್ನುವ ಸಾಲು ಬರುವಾಗ ಕ್ರಿಸ್‌ಮಸ್ ದಿನ ಎಲ್ಲರೂ ಮೊಣಕಾಲೂರಬೇಕು. ಸಾಮಾನ್ಯವಾಗಿ ಅರ್ಧ ಜನ ನಿಂತೇ ಇರುತ್ತಾರೆ, ಗೊತ್ತಿರುವುದಿಲ್ಲ. ಈ ಸಲ ಹಾಡಿನ ಪುಸ್ತಕದಲ್ಲಿ ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿಸಿ, ಪೂಜೆಗೆ ಮೊದಲು ಒಮ್ಮೆ ಹೇಳಿದ್ದೆವು. ಶಾಮಿಯಾನದಲ್ಲಿದ್ದವರೂ ಮಣ್ಣಿನ ಮೇಲೆ ಊರಿದರು.

ಎಲ್ಲವೂ ಚೆಂದ ಇತ್ತು ಅಂತಲ್ಲ. ಗೋದಲಿ ಮುಂದೆ ಸೆಲ್ಫಿ ಗುಂಪು ಪರಮಪ್ರಸಾದದ ಹೊತ್ತಿಗೂ ಕರಗಲಿಲ್ಲ. ಸ್ವಯಂಸೇವಕರನ್ನು ಪಾರ್ಕಿಂಗಿಗೆ ಹಾಕುವಷ್ಟೇ ಗೋದಲಿಗೂ ಹಾಕಿ, ಪೂಜೆ ಮುಗಿಯುವವರೆಗೆ ಹಗ್ಗ ಕಟ್ಟಿ. ಹನ್ನೆರಡರೊಳಗೆ ಹೊರಗಿನ ಸ್ಪೀಕರ್ ಆರಿತು. ಗೇಟಿನಲ್ಲಿದ್ದ ಪೊಲೀಸಿನವರಿಗೆ ಕೇಕ್, ಕಾಫಿ ಕೊಟ್ಟೆವು.

ನನ್ನ ಪ್ರಕಾರ ಅಸಲಿ ಪರೀಕ್ಷೆ ಇರುವುದು 25 ಕಳೆದ ಮೇಲೆ. ಊರಿಗೆಲ್ಲ ಹಬ್ಬ ಮುಗಿಯುತ್ತದೆ, ಚರ್ಚಿಗೆ ಆಗ ಶುರು. 28ರ ಪವಿತ್ರ ಕುಟುಂಬದ ಭಾನುವಾರ ಅರ್ಧ ಬೆಂಚು ಖಾಲಿ. ಗಾನವೃಂದದಲ್ಲಿ ಮೂರ್ನಾಲ್ಕು ಜನ, ಉಳಿದವರು ಊರಿಗೆ ಅಥವಾ ಪ್ರವಾಸಕ್ಕೆ. ಇದು ಗೊತ್ತಿದ್ದರಿಂದ ಆ ದಿನ ದಂಪತಿಗಳ ಆಶೀರ್ವಾದ ಇದೆ ಅಂತ ಮನೆಮನೆಗೆ ಹೇಳಿದ್ದೆವು. ಸ್ವಲ್ಪ ಜಾಸ್ತಿ ಜನ ಬಂದರು, ಅಷ್ಟೇ. 31ರ ರಾತ್ರಿ ಮತ್ತೆ ಕಿಕ್ಕಿರಿದ ಚರ್ಚು. ಜನವರಿ 1ರ ಮಧ್ಯಾಹ್ನ ಲೈಟಿನವರು ಏಣಿ ಹಾಕಿ ಬಿಚ್ಚತೊಡಗಿದರು! ಬಾಡಿಗೆ ಹೊಸ ವರ್ಷದವರೆಗೆ ಮಾತ್ರವಂತೆ. ಅವರಿಗೆ ಇನ್ನೊಂದು ಕಡೆ ಮದುವೆ ಇತ್ತು. ಒಂದಿಷ್ಟು ಸರ ಉಳಿಸಿಕೊಳ್ಳಲು ಹೆಚ್ಚುವರಿ ಹಣ ಕೊಡಬೇಕಾಯಿತು. ಜನವರಿ 4ಕ್ಕೆ ರಾಯರು ಗೋದಲಿ ತಲುಪಿದರು. ಅವತ್ತು ಮಕ್ಕಳ ಸಂಖ್ಯೆ ನೋಡಿ ಫಾದರ್‌ಗೇ ಆಶ್ಚರ್ಯ.

ಖರ್ಚು ಕೇಳುವವರಿಗೆ: ಶಾಮಿಯಾನ 14,000 ರೂಪಾಯಿ, ಕುರ್ಚಿ ಒಂದಕ್ಕೆ 12, ಹೊರಗಿನ ಸೌಂಡ್ 9,000, ಕೀಬೋರ್ಡ್ ನುಡಿಸುವವರಿಗೆ 6,000, ಟೆಂಪೋ ರಾತ್ರಿಗೆ 2,500, ಹಾಡಿನ ಪುಸ್ತಕ ಪ್ರತಿಗೆ 18. ಫ್ಲೆಕ್ಸ್‌ಗೆ ಒಂದು ರೂಪಾಯಿಯೂ ಇಲ್ಲ, ಹೇಗೂ ನಗರದಲ್ಲಿ ಅದಕ್ಕೆ ನಿಷೇಧ ಇದೆ. ಕ್ಯಾರಲ್ ಕಾಣಿಕೆಯಲ್ಲಿ ಅರ್ಧ ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಗೆ ಅಂತ ಮೊದಲೇ ಘೋಷಿಸಿದ್ದರಿಂದ ಡಬ್ಬಿಯ ಬಗ್ಗೆ ಗುಸುಗುಸು ಏಳಲಿಲ್ಲ.

ಹೊಸ ಸಂಚಾಲಕರು ತಮಿಳು ಗಾನವೃಂದದ ಅಂಕಲ್. ಕಡತ ಅವರ ಕೈಗೆ ಕೊಟ್ಟಾಯಿತು. ಅದರಲ್ಲಿ ಸರದಿಯ ನಡಾವಳಿಯ ಪ್ರತಿ, ಅನುಮತಿ ಪತ್ರ, ರೋಗಿಗಳ ಪಟ್ಟಿ, ಗುಲಾಬಿ ಮೇಣದಬತ್ತಿಯ ಸಿಸ್ಟರ್ ನಂಬರ್ ಇವೆ. ಮುಂದಿನ ಆಗಮನ ಕಾಲ 2026ರ ನವೆಂಬರ್ 29ಕ್ಕೆ ಶುರು, ಸ್ನಾನದೀಕ್ಷೆಯ ಹಬ್ಬ 2027ರ ಜನವರಿ 10ಕ್ಕೆ. ಲೈಟಿನವರ ಜೊತೆ ಆ 10ರವರೆಗೆ ಮಾತಾಡಿ ಅಂತ ಕಡತದ ಮೇಲೆ ಕೆಂಪು ಪೆನ್ನಿನಲ್ಲೇ ಬರೆದಿದ್ದೇನೆ.